ಬಂಗುಡೆ ಡಬ್ಬಿಯ ಪಕ್ಕದ ಬಾಟಲಿ

"ಪಪ್ಪಾ! ಇದನ್ನು ಫ್ರೀಜರಲ್ಲಿ ಯಾರು ಇಟ್ಟದ್ದು?"

ಬಂಗುಡೆ ಡಬ್ಬಿಯ ಪಕ್ಕದಿಂದ ತೃಷಾ ಬಾಟಲಿಯನ್ನು ಎಳೆದು ತೆಗೆದಳು. ಅದರ ಮೈತುಂಬ ಮಂಜು ಹಿಡಿದಿತ್ತು. ಅಪ್ಪ ದೇಜಪ್ಪನವರಿಗೆ ಹೆಮ್ಮೆಯೋ ಹೆಮ್ಮೆ. ಡೊಂಬಿವಲಿ ಸ್ಟೇಷನ್ನಿನ ಎದುರು ಮೂವತ್ತು ವರ್ಷ ಬಾರ್ ನಡೆಸಿದವರು. ಬಿಯರು ತಣ್ಣಗಿಲ್ಲವೆಂದು ಒಬ್ಬ ಗಿರಾಕಿಯಿಂದಲೂ ಹೇಳಿಸಿಕೊಂಡವರಲ್ಲ.

"ನಾನೇ. ಎರಡು ಗಂಟೆ ಆಯ್ತು. ಏಕ್‌ದಮ್ ಚಿಲ್ಡ್."

"ಈ ಬಿಯರ್ ಅಷ್ಟು ಥಂಡಾ ಕುಡಿಯೂದಲ್ಲ ಪಪ್ಪಾ!"

"ಮತ್ತೆ ಒಲೆ ಮೇಲೆ ಇಟ್ಟು ಕುಡಿಯೂದಾ? ನನಗೇ ಕಲಿಸ್ತೀಯಾ ಮಾರಾಯ್ತಿ?"

ಅಡುಗೆಮನೆಯಲ್ಲಿ ಅಮ್ಮ ಮೋಹಿನಿ ನಕ್ಕರು. ತೃಷಾಗೆ ನಗು ಬರಲಿಲ್ಲ. ವಾಶಿಯ ಲ್ಯಾಬಿನ ಕೆಲಸ ಬಿಟ್ಟು ಅವಳು ಠಾಣೆಯಲ್ಲಿ ಬಿಯರ್ ತಯಾರಿಸುವ ಕಡೆ ಸೇರಿ ಎಂಟು ತಿಂಗಳಾಗಿತ್ತು. ದೇಜಪ್ಪ ನೆಂಟರಿಗೆಲ್ಲ "ಫುಡ್ ಕಂಪೆನಿ" ಎಂದೇ ಹೇಳುತ್ತಿದ್ದರು. ಬಾರಿನ ಗಾಳಿ ಸೋಕಬಾರದೆಂದೇ ಮಗಳನ್ನು ಅಷ್ಟು ಓದಿಸಿದ್ದು. ಜಗಳವಾಡಿ ಆಡಿ ಕೊನೆಗೊಂದು ಕರಾರಾಯಿತು: ಅವಳೇ ಮಾಡಿದ ಬಿಯರನ್ನು ಅಪ್ಪ ಒಂದು ಗ್ಲಾಸು ಕುಡಿದು ನೋಡುವುದು, ಹಿಡಿಸದಿದ್ದರೆ ಸೋಮವಾರವೇ ಅವಳು ಲ್ಯಾಬಿಗೆ ವಾಪಸ್ಸು.

ಗ್ಲಾಸಿಗೆ ಸುರಿದದ್ದು ಕರ್ರಗಿತ್ತು, ಮೇಲೆ ಕಂದು ನೊರೆ. ದೇಜಪ್ಪ ಒಂದು ಗುಟುಕು ಕುಡಿದು ಮುಖ ಹಿಂಡಿದರು.

"ಇದೆಂಥದು, ಸೀದ ಕಷಾಯವಾ?"

"ದಸ್ ಮಿನಿಟ್ ರುಕೋ ನಾ ಪಪ್ಪಾ, ಸ್ವಲ್ಪ ಬೆಚ್ಚಗಾಗಲಿ. ಚಳಿಗೆ ಅದರ ರುಚಿಯೇ ಮುಚ್ಚಿಹೋಗಿದೆ."

ದೇಜಪ್ಪ ಗ್ಲಾಸನ್ನು ಅತ್ತ ಸರಿಸಿ, ಮೋಹಿನಿ ತಂದಿಟ್ಟ ಬಂಗುಡೆ ಫ್ರೈಗೆ ಕೈ ಹಾಕಿದರು.

"ನನ್ನ ಅಪ್ಪ ತಾಳೆಮರದಿಂದ ಇಳಿಸಿದ ಕಳ್ಳಿಗೆ ಫ್ರಿಜ್ಜೂ ಬೇಡ, ಪಾಠವೂ ಬೇಡ. ಬೆರಳದ್ದಿ ತೀರಿಹೋದ ಹಿರಿಯರಿಗೆ ನೆಲಕ್ಕೆ ಮೂರು ಹನಿ ಚಿಮುಕಿಸೂದು, ಕುಡಿಯೂದು. ಬಾರಿನ ಬಿಯರಿಂದ ನಾನು ಒಂದು ದಿನವೂ ಹಾಗೆ ಹನಿ ಚಿಮುಕಿಸಿದವನಲ್ಲ. ಅದು ಯಾರದ್ದೋ ಮಾಲು, ನಾವು ಮಾರೂದು, ಅಷ್ಟೇ."

ತೃಷಾ ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕೂತಳು. ಚಳಿ ಬಿಟ್ಟ ಮೇಲೆ ಅದನ್ನು ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

ಮೀನಿನ ಖಾರ ನೆತ್ತಿಗೇರಿದಾಗ ದೇಜಪ್ಪ ಕೈಗೆ ಸಿಕ್ಕಿದ್ದನ್ನು ಕುಡಿದರು. ಸಿಕ್ಕಿದ್ದು ಅದೇ ಗ್ಲಾಸು. ನುಂಗಿದವರು ಗ್ಲಾಸಿನೊಳಗೆ ಇಣುಕಿದರು. ಮತ್ತೆ ಕುಡಿದರು.

"ಇದಕ್ಕೆ ತಾಳೆಯ ಓಲೆಬೆಲ್ಲ ಹಾಕಿದ್ದೀಯಾ?"

"ಇಲ್ಲ ಪಪ್ಪಾ. ಬಾರ್ಲಿ ಹುರಿದದ್ದು."

"ಸುಳ್ಳು ಹೇಳ್ಬೇಡ. ನನ್ನ ಅಮ್ಮ ಬೆಲ್ಲ ಕಾಯಿಸುವಾಗ ಬಾಣಲೆ ಅಡಿಯಲ್ಲಿ ಇದೇ ಪರಿಮಳ."

"ದೇವರಾಣೆ!"

ಗ್ಲಾಸು ಖಾಲಿಯಾಯಿತು. ಕರಾರು ಇದ್ದದ್ದು ಒಂದಕ್ಕೆ. ದೇಜಪ್ಪ ಅದನ್ನು ಮೆಲ್ಲಗೆ ಮಗಳ ಕಡೆ ಸರಿಸಿದರು.

"ಉಳಿದಿದೆಯಾ?"

"ಸ್ಟ್ರಾಂಗ್ ಉಂಟು ಪಪ್ಪಾ, ನಿಧಾನ."

"ಬಾರಿನವನಿಗೆ ಹೇಳ್ತಾಳೆ!"

ತೃಷಾ ಬಾಟಲಿಯನ್ನು ಪೂರ್ತಿ ಬಗ್ಗಿಸಿದಳು. ದೇಜಪ್ಪ ಗ್ಲಾಸೆತ್ತಿದರು, ಆದರೆ ಬಾಯಿಗೊಯ್ಯಲಿಲ್ಲ. ಕಂದು ನೊರೆಯಲ್ಲಿ ಬೆರಳದ್ದಿ, ಬೆಳಿಗ್ಗೆಯಷ್ಟೇ ಮೋಹಿನಿ ಒರೆಸಿದ್ದ ಬಿಳಿ ಟೈಲ್ಸಿನ ಮೇಲೆ ಮೂರು ಹನಿ ಚಿಮುಕಿಸಿದರು.

ಒರೆಸುವ ಬಟ್ಟೆಗೆ ಕೈ ಹಾಕಿದ ಮೋಹಿನಿ, ಮಗಳ ಮುಖ ನೋಡಿ ಅದನ್ನು ಅಲ್ಲೇ ಬಿಟ್ಟರು.