ಇಡೀ ಊರು

"ಲೇ, ಅಲ್ಲೇ ನಿಂತ್ಕಂಡು ತಗೀಲಾ. ಜಗಲಿಗೆ ಕಾಲಿಡ್ತೀಯ, ಬೋಳಿಮಗನೆ?"

ಜಗಲಿಯ ಮೇಲೆ ಪಟೇಲ ಮಹದೇವಯ್ಯನವರ ಹೆಣವನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಬಾಯಿ ತೆರೆಯದಿರಲೆಂದು ಗದ್ದದಿಂದ ನೆತ್ತಿಗೆ ಬಿಗಿದ ಬಿಳಿ ಬಟ್ಟೆ. ಬೈದವನು ಅವರ ಹಿರಿಯ ಮಗ ಬಸವೇಶ. ಬೈಸಿಕೊಂಡವನು ಅದೇ ಊರಿನ ಕೆಳಗಿನ ಕೇರಿಯ ಪ್ರೇಮ್‌ಕುಮಾರ, ಮೈಸೂರಿನ ಕಾಲೇಜಿನಲ್ಲಿ ಪತ್ರಿಕೆಗೆ ಫೋಟೋ ತೆಗೆಯುವ ವಿದ್ಯೆ ಕಲಿಯುತ್ತಿದ್ದವನು. ಅದು ಎರಡು ಸಾವಿರದ ಒಂದನೇ ಇಸವಿ, ಅವನ ಓದಿನ ಕೊನೆಯ ವರ್ಷ. ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಅವನು ಹಿಂದಕ್ಕೆ ತೆಗೆದು ಅಂಗಳದಲ್ಲಿ ನಿಂತ.

ಆ ಕಡೆಯ ಊರುಗಳಲ್ಲಿ ಹೆಣವನ್ನು ಮಣ್ಣಿಗಿಡುವ ಮುಂಚೆ ಮನೆಮಂದಿಯೆಲ್ಲ ಸುತ್ತ ಕೂತು ಒಂದು ಫೋಟೋ ಆಗಲೇಬೇಕು. ಬದುಕಿದ್ದಾಗ ಅಪ್ಪನ ಪಕ್ಕ ಕೂರದ ಮಕ್ಕಳೂ ಆವತ್ತು ಅಂಟಿಕೊಂಡು ಕೂರುತ್ತಾರೆ. ಬಿಳಿಗೆರೆಯ ಸ್ಟುಡಿಯೋದವನು ಮದುವೆಗೆ ಹೋಗಿ ಬಾಗಿಲು ಹಾಕಿದ್ದ. ತಮಟೆ ನಾಗಯ್ಯನ ಮಗ ಪ್ರೇಮ್‌ಕುಮಾರನ ಹತ್ತಿರ ಕಾಲೇಜಿನ ಕ್ಯಾಮೆರಾ ಇದೆಯೆಂದು ಯಾರೋ ಹೇಳಿದ ಮೇಲೆ ಕೇರಿಗೆ ಆಳು ಬಂದಿತ್ತು. ನಾಗಯ್ಯನಿಗೆ ಮಾತ್ರ ಯಾರೂ ಹೇಳಿಕಳಿಸಬೇಕಿರಲಿಲ್ಲ. ಮೇಲಿನ ಕೇರಿಯಲ್ಲಿ ಸಾವಾದರೆ ತಮಟೆ ಹಿಡಿದು ಹೋಗಿ ನಿಲ್ಲುವುದು ಅವನ ಅಪ್ಪನ ಕಾಲದಿಂದ ಬಂದ ಬಿಟ್ಟಿ ಚಾಕರಿ. ಬೆಳಗ್ಗೆಯಿಂದ ಅವನು ಅಂಗಳದ ಎಡ ಮೂಲೆಯಲ್ಲಿ ಬಡಿಯುತ್ತಲೇ ಇದ್ದ.

ನಿಜ ಹೇಳಬೇಕೆಂದರೆ, ಆಳು ಬಂದಾಗ ಪ್ರೇಮ್‌ಕುಮಾರನಿಗೆ ಒಳಗೊಳಗೇ ಖುಷಿಯಾಗಿತ್ತು. ಕೊನೆಯ ವರ್ಷದ ಕೆಲಸವೆಂದು ಜನರ ದಿನನಿತ್ಯದ ಬದುಕಿನ ಇಪ್ಪತ್ತು ಫೋಟೋ ಕೊಡಬೇಕಿತ್ತು. ಅವನು ಬನ್ನೂರಿನ ಕುರಿಸಂತೆ ತೆಗೆದಿದ್ದ, ನರಸೀಪುರದ ಕಡೆಯ ಕಬ್ಬಿನ ಗದ್ದೆ ತೆಗೆದಿದ್ದ, ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ಬಟ್ಟೆ ಒಗೆಯುವವರನ್ನು ತೆಗೆದಿದ್ದ. ಗಂಗಾಧರಸ್ವಾಮಿ ಮೇಷ್ಟ್ರು ಎಲ್ಲ ನೋಡಿ, "ಬರೀ ಹೊರಗಿಂದಲೇ ತೆಗೆದಿದ್ದೀಯಲ್ಲಪ್ಪ. ಜನರ ಮನೆಯೊಳಕ್ಕೆ ಹೋಗು" ಅಂದಿದ್ದರು. ಒಳಕ್ಕೆ ಯಾಕೆ ಹೋಗಿಲ್ಲವೆಂದು ಹೇಳಲು ಅವನಿಗೆ ನಾಚಿಕೆಯಾಗಿತ್ತು. ಹೋಗಬಹುದಾದ ಮನೆಗಳು ತನ್ನ ಕೇರಿಯಲ್ಲೇ ಇದ್ದವು. ಅಲ್ಲಿ ಒಂದೂ ತೆಗೆದಿರಲಿಲ್ಲ. ತಮಟೆ ಬಡಿಯುವವನ ಮಗ ಎಂದು ಇಡೀ ತರಗತಿಗೆ ತಿಳಿಯುವುದು ಅವನಿಗೆ ಬೇಕಿರಲಿಲ್ಲ.

ಈಗ ಕ್ಯಾಮೆರಾಕ್ಕೆ ಕಣ್ಣಿಟ್ಟರೆ ಜಗಲಿ ಪೂರಾ ಬರುತ್ತಿತ್ತು. ನಡುವೆ ಹೆಣ, ಸುತ್ತ ಹದಿನೇಳು ಜನ. ಎಡಗಡೆ ನಾಗಯ್ಯನೂ ಬರುತ್ತಿದ್ದ, ಎದೆಗೆ ಆನಿಸಿದ ತಮಟೆಯ ಸಮೇತ.

"ಆ ಬಡಿಯೋವ್ನು ಪಟದಲ್ಲಿ ಬೀಳ್ತಾವ್ನೇನ್ಲಾ?" ಬಸವೇಶ ಕೇಳಿದ. "ಅವ್ನ ಬುಟ್ಟು ತಗಿ. ನಾಳಿಕೆ ನಡುಮನೇಲಿ ತೂಗಾಕೋ ಪಟ ಇದು."

ಪ್ರೇಮ್‌ಕುಮಾರ ತಾನೇ ಎರಡು ಹೆಜ್ಜೆ ಬಲಕ್ಕೆ ಹೋಗಬಹುದಿತ್ತು. ಆದರೆ ಹಾಗೆ ಹೋದರೆ ಜಗಲಿಯ ಕಂಬ ಕಿರಿಸೊಸೆಯ ಮುಖಕ್ಕೆ ಅಡ್ಡ ಬರುತ್ತಿತ್ತು, ಫೋಟೋ ಕೆಡುತ್ತಿತ್ತು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಎಡಗೈ ಬೀಸಿದ.

"ಒಸಿ ಸರ್ಕ."

ಅಪ್ಪ ಎಂದು ಕರೆಯಲಿಲ್ಲ. ತಮಟೆ ನಿಂತಿತು. "ಇನ್ನೂ ಒಸಿ," ಅಂದ.

"ಆಯ್ತು ಬುದ್ದಿ," ಅಂದ ನಾಗಯ್ಯ.

ಬುದ್ದಿ ಅನ್ನುವುದು ಕೇರಿಯವರು ಒಡೆಯರಿಗೆ ಅನ್ನುವ ಮಾತು. ನಲವತ್ತು ವರ್ಷ ಆ ಅಂಗಳದಲ್ಲಿ ಅಪ್ಪಣೆ ಕೇಳಿಸಿದಾಗಲೆಲ್ಲ ಅಂದು ಅಂದು, ಈಗ ಅಪ್ಪಣೆ ಯಾರದೆಂದು ನೋಡದೆಯೇ ಅವನ ಬಾಯಿಂದ ಬಂದುಬಿಟ್ಟಿತ್ತು. ಸಾವಿನ ಮನೆಯಲ್ಲೂ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನೋಡ್ರುಲಾ, ಉಟ್ಟಿಸಿದ ಮಗಂಗೇ ಬುದ್ದಿ ಅಂತಾವ್ನೆ," ಅಂದ ಬಸವೇಶ. ಹದಿನೇಳು ಜನರ ಮುಖದಲ್ಲೂ ಕೊಂಚ ನಗು ಇರುವಾಗಲೇ ಪ್ರೇಮ್‌ಕುಮಾರ ಒತ್ತಿದ.

ಸಂಜೆ ಮನೆಯಲ್ಲಿ ಅವ್ವ ಮರಿತಾಯಮ್ಮ ಕೇಳಿದಳು. "ಪಟೇಲ್ರು ಮನೇವ್ರದ ತಗುದ್ಯಂತೆ. ನಿಮ್ಮಪ್ಪಂದೂ ಒಂದ್ ತಗೀಬೇಕಿತ್ತು ಕಣ್ ಮಗ. ಒಂದೂ ಇಲ್ಲ ಅವ್ರುದ್ದು."

"ರೀಲು ಮುಗ್ದೋಗಿತ್ತು ಕಣವ್ವ."

ರೀಲಿನಲ್ಲಿ ಇನ್ನೂ ಹನ್ನೊಂದು ಫೋಟೋ ಬಾಕಿ ಇದ್ದವು. ನಾಗಯ್ಯ ಹೊಸಿಲ ಹತ್ತಿರ ಕೂತು ತಮಟೆಯ ಚರ್ಮ ಒರೆಸುತ್ತಿದ್ದ. ತಲೆ ಎತ್ತಲಿಲ್ಲ. "ಮಗೀಗೆ ಅನ್ನ ಇಕ್ಕು," ಅಂದ ಅಷ್ಟೆ. ಬೈದಿದ್ದರೆ ಪ್ರೇಮ್‌ಕುಮಾರನಿಗೆ ಅನ್ನ ಇಳಿಯುತ್ತಿತ್ತು.

ಕಾಲೇಜಿನ ಕತ್ತಲೆಕೋಣೆಯಲ್ಲಿ ಫೋಟೋ ಹಿಗ್ಗಿಸುವಾಗ ಎಡ ಅಂಚಿನಲ್ಲಿ ತಮಟೆ ಬಡಿಯುವ ಕಡ್ಡಿಯ ತುದಿ ಉಳಿದಿರುವುದು ಕಂಡಿತು. ಕಾಗದವನ್ನು ಒಂದು ಬೆರಳಿನಷ್ಟು ಸರಿಸಿ ಅದನ್ನೂ ತೆಗೆದ. ಮೇಷ್ಟ್ರು ನೋಡಿ ಬೆನ್ನು ತಟ್ಟಿದರು. "ಈಗ ಒಳಕ್ಕೆ ಹೋದೆ ನೋಡು." ಫೋಟೋದಡಿ ಬರೆಯುವ ಸಾಲನ್ನೂ ಅವರೇ ಸೂಚಿಸಿದರು. ಪ್ರೇಮ್‌ಕುಮಾರ ದುಂಡಗೆ ಬರೆದ: ಇಡೀ ಊರು.

ಮೂರು ತಿಂಗಳ ಮೇಲೆ ಕಾಲೇಜಿನಲ್ಲಿ ಪ್ರದರ್ಶನ. ಆ ಫೋಟೋಕ್ಕೆ ಮೊದಲ ಬಹುಮಾನ ಬಂದಿತ್ತು. ಮೇಷ್ಟ್ರು ಬಸವೇಶನಿಗೆ ತಾವೇ ಫೋನು ಮಾಡಿ ಕರೆದಿದ್ದರು. ಪ್ರೇಮ್‌ಕುಮಾರ ಮನೆಯಲ್ಲಿ ವಿಷಯವನ್ನೇ ಎತ್ತಿರಲಿಲ್ಲ.

ಜೀಪು ಬಂತು. ಗರಿಗರಿ ಪಂಚೆಯ ಬಸವೇಶ ಇಳಿದ, ಕೈಯಲ್ಲಿ ದೊಡ್ಡ ಹಾರ. ಹಿಂದಿನಿಂದ ಇನ್ನೊಬ್ಬ ಇಳಿದ, ತಲೆಯ ಮೇಲೆ ಮೇಷ್ಟ್ರುಗಳಿಗೆಂದು ತಂದ ರಸಬಾಳೆಯ ಗೊನೆ. ನಾಗಯ್ಯ.

ಪ್ರೇಮ್‌ಕುಮಾರ ಗೋಡೆಯ ಕಡೆ ತಿರುಗಿಕೊಂಡು, ನೆಟ್ಟಗೇ ಇದ್ದ ಕುರಿಸಂತೆಯ ಫೋಟೋವನ್ನು ನೆಟ್ಟಗೆ ಮಾಡತೊಡಗಿದ.

ನಾಗಯ್ಯ ಗೊನೆ ಇಳಿಸಿ, ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು, ಒಂದೊಂದೇ ಫೋಟೋ ನೋಡುತ್ತ ಬಂದ. ಕೊನೆಗೆ ಬಸವೇಶ ಹಾರ ಹಾಕಿದ್ದ ಫೋಟೋದ ಮುಂದೆ ನಿಂತ.

"ಏನ್ ಬರ್ದದ್ಲಾ ಅದ್ರಡೀಲಿ?"

"ಇಡೀ ಊರು ಅಂತ," ಅಂದ ಪ್ರೇಮ್‌ಕುಮಾರ, ಹತ್ತಿರ ಬಂದು.

ನಾಗಯ್ಯ ಇನ್ನೊಂದು ಸಲ ನೋಡಿದ. ಆಮೇಲೆ ಫೋಟೋದ ಕಟ್ಟಿನ ಎಡಕ್ಕೆ ಒಂದು ಗೇಣು ಆಚೆ, ಬರಿಗೋಡೆಯ ಮೇಲೆ ಬೆರಳಿಟ್ಟ.

"ನಾ ಇಲ್ಲಿದ್ದೆ ಕಣ್ಲಾ."

ದೂರು ಹೇಳುವ ದನಿಯಲ್ಲ. ದಾರಿ ಕೇಳಿದವರಿಗೆ ಮನೆ ತೋರಿಸುವ ಹಾಗೆ ಹೇಳಿದ. ಹೇಳಿ, ಆ ಜಾಗಕ್ಕೇ ಬೆನ್ನು ಕೊಟ್ಟು ನಿಂತುಕೊಂಡ.

ಅಷ್ಟರಲ್ಲಿ ಬಸವೇಶನನ್ನು ಅಪ್ಪನ ಫೋಟೋದ ಜೊತೆ ನಿಲ್ಲಿಸಿ ಒಂದು ಫೋಟೋ ಆಗಲಿ ಎಂದರು ಮೇಷ್ಟ್ರು. "ಪ್ರೇಮ್, ಈ ಯಜಮಾನರು ಗೊನೆ ತಂದವರಲ್ವಾ? ಸ್ವಲ್ಪ ಪಕ್ಕಕ್ಕೆ ಕಳಿಸಪ್ಪ."

"ನಮ್ಮಾಳು ಸಾರ್," ಅಂದ ಬಸವೇಶ. "ಲೇ ನಾಗ, ಸರ್ಕಳಾ ಅತ್ಲಾಗೆ."

ನಾಗಯ್ಯ ಕದಲಲಿಲ್ಲ.

"ಕಿವಿ ಕೇಳಲ್ವೇನ್ಲಾ ಸೂಳೆಮಗನೆ?"

ಕದಲಲಿಲ್ಲ. ಬಸವೇಶನ ಕಡೆ ನೋಡಲೂ ಇಲ್ಲ. ಮಗನನ್ನೇ ನೋಡುತ್ತ ನಿಂತ.

"ನಮ್ಮಪ್ಪ," ಅಂದ ಪ್ರೇಮ್‌ಕುಮಾರ. ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. "ಸಾರ್, ಇವರು ನಮ್ಮಪ್ಪ. ತಮಟೆ ಬಡೀತಾರೆ. ಆವತ್ತೂ ಅಲ್ಲೇ ನಿಂತಿದ್ರು. ನಾನೇ ಪಕ್ಕಕ್ಕೆ ಕಳಿಸಿದ್ದು."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಸಹಪಾಠಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರೇಮ್‌ಕುಮಾರ ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ ಅಪ್ಪನ ಕಡೆ ಹಿಡಿದ. ಕ್ಯಾಮೆರಾದ ಅರ್ಧ ಚೌಕಕ್ಕೆ ಬಸವೇಶನ ಭುಜ, ಹಾರ ಅಡ್ಡ ಬಂದಿದ್ದವು. ತನ್ನ ಜನ್ಮದಲ್ಲೇ ಆ ಮನೆಯವರಿಗೆ ಆಡದ ಮಾತೊಂದನ್ನು ಆಡಿದ.

"ನೀವು ಒಸಿ ಸರ್ಕಳಿ."

ಬಸವೇಶ ಒಂದಂಗುಲವೂ ಅಲ್ಲಾಡಲಿಲ್ಲ. ಅವನ ಬೈಗುಳಕ್ಕೆ ಕದಲದಿದ್ದ ನಾಗಯ್ಯನ ಕಾಲು ಮಾತ್ರ, ಮಗನ ಬಾಯಿಂದ ಆ ಮಾತು ಬಿದ್ದದ್ದೇ ಕದಲಿತು. ಒಂದು ಹೆಜ್ಜೆ, ಎರಡು ಹೆಜ್ಜೆ, ಇನ್ನೂ ಒಸಿ. ಚೌಕದಿಂದ ಪೂರಾ ಆಚೆ ಹೋದ.

"ನಿಂಗಲ್ಲ ಕಣಪ್ಪ," ಅಂದ ಪ್ರೇಮ್‌ಕುಮಾರ. "ನಿಂಗಲ್ಲ ಯೋಳಿದ್ದು."

ಕಣ್ಣಿಂದ ಕ್ಯಾಮೆರಾ ತೆಗೆಯದೆ ಅಪ್ಪ ಹೋದತ್ತಲೇ ತಿರುಗಿದ. ಹಾರ ಹೋಯಿತು, ಬಸವೇಶ ಹೋದ, ಬರಿಗೋಡೆ ಬಂತು. ಗೋಡೆ ಮುಗಿಯುವಲ್ಲಿ ನಾಗಯ್ಯ ಬಂದ, ಕೈಕಟ್ಟಿ, ನೆಲ ನೋಡುತ್ತ.

"ಅಪ್ಪಾ, ಇತ್ಲಾಗ್ ನೋಡು."

ನಾಗಯ್ಯ ನೋಡಲಿಲ್ಲ.