ಹೂತು ಬಂದದ್ದು

"ಬಂದರಿನ ಪಕ್ಕದ ತೀರ ಬೇಡವೇ ಬೇಡ. ನೀರಿನ ಮೇಲೆ ಎಣ್ಣೆ ತೇಲುತ್ತೆ, ಕಾಲಿಟ್ರೆ ಮೊಣಕಾಲವರೆಗೂ ಜಿಡ್ಡು," ಎಂದು ಅವನು ಅಮ್ಮನ ಹೊಸ ಕನ್ನಡಕವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಒರೆಸಿದ.

"ಸರಿ ಮಾರಾಯ. ದೀಪಸ್ತಂಭದ ಹತ್ತಿರದ್ದು?" ಎಂದರು ಭಾವ.

"ಊರಿನ ಚರಂಡಿ ಬಂದು ಸೇರೋದೇ ಅಲ್ಲಿ. ಅದು ಸಮುದ್ರಸ್ನಾನ ಅಲ್ಲ ಭಾವ, ಊರೋರೆಲ್ಲ ಸ್ನಾನ ಮಾಡಿದ ನೀರಲ್ಲಿ ನಾವು ಮಾಡೋ ಸ್ನಾನ."

"ಬರೀ ಸ್ನಾನದ ನೀರು ಅಂತ ಯಾಕೆ ಅಂದ್ಕೊಂಡೆ?" ಎಂದಳು ಅಕ್ಕ. ಮಕ್ಕಳು ಕಿಸಕ್ಕನೆ ನಕ್ಕರು. ಅವನು ಮಾತ್ರ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡ.

"ನಮ್ಮ ಫಿನಾಯಿಲಿಗೆ ಫಿನಾಯಿಲಿನ ಸಮುದ್ರವೇ ಆಗ್ಬೇಕು. ಎಲ್ಲಿಂದ ತರೋಣ ಹೇಳು," ಎಂದು ಭಾವ ಮೇಜಿನ ಮೇಲೆ ಕೈ ಕುಟ್ಟಿದರು. ಬೆರಳಿನ ಗುರುತು ಉಳಿಯಿತು. ಅವನು ಎದ್ದು ಬಟ್ಟೆ ತಂದು ಅದನ್ನೂ ಒರೆಸಿದ.

ಫಿನಾಯಿಲು ಎಂಬ ಹೆಸರು ಅವನಿಗೆ ಸುಮ್ಮನೆ ಅಂಟಿದ್ದಲ್ಲ. ಅವನದು ಕನ್ನಡಕದ ಅಂಗಡಿ. ದಿನವಿಡೀ ಇನ್ನೊಬ್ಬರ ಗಾಜಿನ ಮೇಲಿನ ಬೆವರು, ಬೆರಳಚ್ಚು, ರೆಪ್ಪೆಯ ಜಿಡ್ಡು ಒರೆಸಿ ಒರೆಸಿ, ಲೋಕದಲ್ಲಿ ಕೊಳೆಯೇ ಮೊದಲು ಕಣ್ಣಿಗೆ ಬೀಳುವಂತಾಗಿತ್ತು. ಹೋಟೆಲಿನ ಲೋಟದ ಅಂಚು, ಬಸ್ಸಿನ ಕಂಬಿ, ಬೆರಳಿಗೆ ಎಂಜಲು ಹಚ್ಚಿ ಕಾಗದ ತಿರುವುವವರು, ಯಾವುದನ್ನು ಕಂಡರೂ ಮುಖ ಸಿಂಡರಿಸುತ್ತಿದ್ದ. ಭಾವ ಅದಕ್ಕೆ ತದ್ವಿರುದ್ಧ. ಡ್ರೈವಿಂಗ್ ಶಾಲೆ ನಡೆಸುವ ಅವರ ವ್ಯಾನಿನ ಸೀಟಿನಡಿ ಹೋದ ವರ್ಷದ ಕಡಲೆ ಸಿಪ್ಪೆ ಈಗಲೂ ಸಿಗುತ್ತಿತ್ತು. ಕುಟುಂಬವೆಲ್ಲ ವರ್ಷಕ್ಕೊಮ್ಮೆ ಸಮುದ್ರಕ್ಕೆ ಹೋಗುವುದು ಆ ವ್ಯಾನಿನಲ್ಲೇ.

"ಇಳಿಜಾರಿನ ತೀರಕ್ಕೇ ಹೋಗೋಣಪ್ಪ," ಎಂದರು ಅಮ್ಮ. "ಬೇರೆ ಕಡೆ ಎಲ್ಲ ಮೆಟ್ಟಿಲು. ನನ್ನ ಮಂಡಿ ಕೇಳಲ್ಲ. ನಾವು ಯಾವಾಗ್ಲೂ ಕೂರ್ತಿದ್ವಲ್ಲ, ಆ ಒಂಟಿಬಂಡೆ ನೆರಳು. ಅಲ್ಲಿ ಮರಳು ಸಕ್ಕರೆ ಚೆಲ್ಲಿದ ಹಾಗಿರ್ತಿತ್ತು. ಈಗ ಕಣ್ಣು ಬಂದಿದೆ, ಇನ್ನೂ ಚೆನ್ನಾಗಿ ಕಾಣುತ್ತೆ."

ಅಮ್ಮನ ಒಂದು ಕಣ್ಣಿನ ಪೊರೆ ತೆಗೆದು ಕೆಲವು ವಾರಗಳಾಗಿದ್ದವು. ಇನ್ನೊಂದು ಕಣ್ಣು ಹೋದದ್ದೇ. ಪೊರೆ ತೆಗೆದ ಕಣ್ಣಿನ ಹಿಂಭಾಗವೂ ಸೊರಗುತ್ತಿದೆ, ಬಂದ ದೃಷ್ಟಿ ಎಷ್ಟು ಕಾಲ ನಿಲ್ಲುವುದೋ ಹೇಳಲಾಗದು ಎಂದು ವೈದ್ಯರು ಅವನನ್ನು ಬದಿಗೆ ಕರೆದು ಹೇಳಿದ್ದರು. ಅಮ್ಮನಿಗೆ ಯಾರೂ ಹೇಳಿರಲಿಲ್ಲ. ಆದರೆ ಅವರು ಈಚೆಗೆ ಯಾವುದನ್ನು ನೋಡುವುದಿದ್ದರೂ ಅವಸರ ಮಾಡುತ್ತಿದ್ದರು.

"ಆಯ್ತಮ್ಮ, ಅಲ್ಲಿಗೇ. ನಾಳೆ ನಾನೊಬ್ನೇ ಹೋಗಿ ನೋಡ್ಕೊಂಡು ಬರ್ತೀನಿ."

"ಹೆಣ್ಣು ನೋಡೋಕೆ ಹೊರಟ ಹಾಗೆ ಹೊರಟ," ಎಂದರು ಭಾವ. "ಗುಂಡಿ ಎಲ್ಲಿ ತೋಡ್ಬೇಕು ಅಂತ ಗುರುತು ಮಾಡ್ಕೊಂಡು ಬಾ."

ಆ ಗುಂಡಿ ಅವರ ಮನೆತನದ ಹೆಮ್ಮೆ. ಊಟ ಮುಗಿದ ಮೇಲೆ ಉಳಿದವರಂತೆ ಇವರು ಕಸ ಎಸೆದು ಬರುತ್ತಿರಲಿಲ್ಲ. ಕಾಗದದ ತಟ್ಟೆ, ಮೊಟ್ಟೆಯ ಸಿಪ್ಪೆ, ಚಿಪ್ಸಿನ ಪೊಟ್ಟಣ, ಮಗುವಿನ ಡೈಪರ್ ಎಲ್ಲವನ್ನೂ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಿಗಿಯಾಗಿ ಗಂಟು ಹಾಕಿ, ಬಂಡೆಯ ಬುಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಮೇಲೆ ಮರಳು ಸಮ ಮಾಡಿ ಅಂಗೈಯಿಂದ ತಟ್ಟುವವನು ಅವನೇ. ಉಪ್ಪು, ಬಿಸಿಲು, ಮರಳು ಇರುವಲ್ಲಿ ಯಾವ ಕೊಳೆಯೂ ಉಳಿಯುವುದಿಲ್ಲ ಎಂಬುದು ಅವನ ನಂಬಿಕೆ. ಪಕ್ಕದಲ್ಲಿ ಕಸ ಬಿಟ್ಟು ಏಳುವವರನ್ನು ಕಂಡು, "ದನಗಳು ವಾಸಿ," ಎಂದು ಕೇಳಿಸುವಂತೆಯೇ ಹೇಳುತ್ತಿದ್ದ.

ಮರುದಿನ ಅಂಗಡಿ ತೆರೆಯುವ ಮೊದಲು ಅವನು ಇಳಿಜಾರಿನ ತೀರಕ್ಕೆ ಹೋದ. ರಸ್ತೆಯಲ್ಲಿರುವಾಗಲೇ ವಾಸನೆ ಮೂಗಿಗೆ ಬಡಿಯಿತು. ಈ ಸಲ ಅಲೆಗಳು ಮರಳನ್ನು ಕೊರೆದು ಒಯ್ದಿದ್ದವು. ನೀರಿನ ಅಂಚಿಗೆ ಬಾಟಲಿ, ಚಪ್ಪಲಿ, ಕೊಳೆತು ಉಬ್ಬಿದ ಬ್ರೆಡ್ಡು, ಕೂದಲಿನ ಉಂಡೆಗಳು ಸಾಲುಗಟ್ಟಿದ್ದವು. ನೊಣ ಮೇಲೆದ್ದು ಮತ್ತೆ ಕೂರುತ್ತಿತ್ತು. ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಹೆಜ್ಜೆ ಎತ್ತಿ ಎತ್ತಿ ಇಡುತ್ತಾ ಬಂಡೆಯ ಹತ್ತಿರ ಬಂದ.

ಅಲ್ಲಿ ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡು ನಿಂತಿದ್ದಳು. ಎದುರಿಗೆ ಒಂದು ನಾಯಿ ಏನನ್ನೋ ಕಚ್ಚಿ ಜಗ್ಗುತ್ತಿತ್ತು. ಹರಿದ ಚೀಲದಿಂದ ಹಳದಿಗಟ್ಟಿದ ಡೈಪರು ಹೊರಬಂದು, ಅದರೊಳಗಿನ ಲೋಳೆ ಮರಳಿನ ಮೇಲೆ ಸುರಿದಿತ್ತು. ನಾಯಿ ಅದನ್ನು ನೆಕ್ಕುತ್ತಿತ್ತು.

"ಥೂ! ಎಂಥಾ ಜನಾರೀ!" ಎಂದಳು ಅವಳು, ಇವನನ್ನು ಕಂಡು. "ಮಗು ಕೋಟೆ ಕಟ್ತೀನಿ ಅಂತ ಕೈ ಹಾಕ್ತು. ಕೈಗೆ ಇದು ಬಂತು."

"ದನಗಳು ವಾಸಿ," ಎಂದ ಅವನು, ಬಾಯಿಪಾಠದಂತೆ.

"ದನ ಚೀಲದಲ್ಲಿ ಕಟ್ಟಿಡಲ್ಲ ಬಿಡಿ. ಇವನ್ಯಾರೋ ಅಂಗಡಿ ಹೆಸರು, ಫೋನ್ ನಂಬರ್ ಎಲ್ಲ ಹಾಕಿ ಕಳ್ಸಿದಾನೆ, ಮದುವೆ ಕರೆಯೋಲೆ ಹಾಗೆ. ತಡೀರಿ, ಕ್ಷೇಮವಾಗಿದೀಯೇನಪ್ಪಾ ಅಂತ ಕೇಳ್ತೀನಿ."

ಅವಳು ಬಗ್ಗಿ, ಮೂಗು ಮುಚ್ಚಿಕೊಂಡು, ಚೀಲದ ಮೇಲಿನ ಅಂಕಿಗಳನ್ನು ನೋಡಿ ತನ್ನ ಫೋನಿನಲ್ಲಿ ಒತ್ತಿದಳು. ಚೀಲದ ಮೇಲೆ ಎರಡು ದುಂಡನೆಯ ಗಾಜುಗಳ ಚಿತ್ರವಿತ್ತು. ನೀಲಿ ಬಣ್ಣ. ಆ ನೀಲಿಯನ್ನು ಆರಿಸಿದವನು ಅವನೇ.

"ರಿಂಗ್ ಆಗ್ತಿದೆ," ಎಂದಳು ಅವಳು.

ಅವನ ಜೇಬಿನಲ್ಲಿ ಫೋನು ಹಾಡತೊಡಗಿತು.

ಅವಳು ಮೊದಲು ಜೇಬನ್ನು, ಆಮೇಲೆ ಅವನ ಮುಖವನ್ನು ನೋಡಿದಳು. ಮಕ್ಕಳನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಜೇಬನ್ನು ಅದುಮಿ ಹಿಡಿದು, ಯಾವುದರ ಮೇಲೆ ಕಾಲಿಡುತ್ತಿದ್ದೇನೆ ಎಂದೂ ನೋಡದೆ, ರಸ್ತೆಯ ಕಡೆಗೆ ನಡೆದ.

ಸಂಜೆ ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಅಕ್ಕ ಆಗಲೇ ಚಾಪೆ ಕೊಡವಿ ಇಟ್ಟಿದ್ದಳು.

"ಆಗಲ್ಲ. ಕಾಲಿಡೋಕಾಗಲ್ಲ ಅಲ್ಲಿ. ಈ ವರ್ಷ ಬೇಡ," ಎಂದು ಅವನು ಸೋಪು ಹಚ್ಚಿ ಮತ್ತೆ ಕೈ ತೊಳೆಯತೊಡಗಿದ.

"ರೀ, ಇದು ಯಾರ್ದು ಮಿಸ್ಡ್ ಕಾಲ್? ಅಂಗಡಿಯಲ್ಲಿ ಯಾರಿಗಾದ್ರೂ ಅರ್ಜೆಂಟಿತ್ತೇನೋ," ಎಂದಳು ಹೆಂಡತಿ.

"ರಾಂಗ್ ನಂಬರ್."

ಅಮ್ಮ ಮೆಲ್ಲಗೆ ಕೇಳಿದರು, "ನಮ್ಮ ಬಂಡೆ ಹತ್ರಾನೂ ಹಾಗೇ ಇದೆಯೇನೋ?"

"ಅಲ್ಲೇ ಜಾಸ್ತಿ ಅಮ್ಮ."

"ಅಲ್ಲಿ ಅಷ್ಟು ಬೆಳ್ಳಗಿತ್ತಲ್ಲೋ ಮರಳು?"

"ಇರ್ಲಿಲ್ಲಮ್ಮ. ನಿಂಗೆ ಕಣ್ಣಲ್ಲಿ ಪೊರೆ ಇತ್ತು. ಎಲ್ಲ ಬೆಳ್ಳಗೇ ಕಾಣ್ತಿತ್ತು."

ಅಮ್ಮ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ನಂಗೆ ಪೊರೆ ಇತ್ತು, ಸರಿ. ನೀವೆಲ್ಲ ನೋಡ್ತಿದ್ರಲ್ಲ, ನಿಮಗೇನಾಗಿತ್ತು?"

ಕೊಂಕಿಗೆ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಅವನ ಕೈಯಿಂದ ಸೋಪು ಜಾರಿ ಬಿತ್ತು. ಎಷ್ಟು ತೊಳೆದರೂ ಆ ಲೋಳೆ ಬೆರಳ ಸಂದಿಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ಅದನ್ನು ಅವನು ಮುಟ್ಟಿಯೂ ಇರಲಿಲ್ಲ.

ಹೆಂಡತಿ ಅಡಿಗೆಮನೆಗೆ ಹೋದಾಗ ಹಿಂದೆಯೇ ಹೋಗಿ ಹೇಳಿದ, "ಅದು ರಾಂಗ್ ನಂಬರ್ ಅಲ್ಲ."

ಅವಳು ಎಲ್ಲವನ್ನೂ ಕೇಳಿದಳು. ನಾಯಿಯ ಸಂಗತಿ ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ, "ಡೈಪರ್ ಅಕ್ಕನ ಕಿರಿಯವನದ್ದೇ ಇರ್ಬೇಕು, ಹೋದ ವರ್ಷದ್ದು," ಎಂದಳು. ಸ್ವಲ್ಪ ತಡೆದು, "ಅದಕ್ಕಿಂತ ಮುಂಚಿನವು ಎಲ್ಲಿವೆ?" ಎಂದಳು.

ಬೆಳಗ್ಗೆ ಅವನು ರಬ್ಬರ್ ಗ್ಲೌಸು, ಸಲಿಕೆ, ಗೋಣಿಚೀಲಗಳನ್ನು ಹಿಡಿದು ಹೊರಟ. ಹೆಂಡತಿ ಭಾವನಿಗೆ ಫೋನು ಮಾಡಿದ್ದಳೆಂದು ತಿಳಿದದ್ದು, ವ್ಯಾನು ಬಂದು ಇಳಿಜಾರಿನ ತಲೆಯಲ್ಲಿ ನಿಂತಾಗಲೇ.

"ಹುಚ್ಚು ಹಿಡಿದಿದೆಯೇನೋ ನಿಂಗೆ?" ಎಂದರು ಭಾವ, ಮೂಗು ಹಿಡಿದುಕೊಂಡೇ. "ಆ ಕಡೆ ನೋಡು, ಈ ಕಡೆ ನೋಡು. ಸಮುದ್ರದ ತುಂಬ ಬೇರೆಯವರ ಕಸ. ನಿನ್ನ ನಾಲ್ಕು ಚೀಲ ತೆಗೆದ್ರೆ ಇದು ಶುದ್ಧ ಆಗುತ್ತಾ?"

"ಆಗಲ್ಲ."

"ಮತ್ತೆ? ಒಂದು ಕಸದ ತೊಟ್ಟಿ ಇಟ್ಟಿದಾರಾ ಇಲ್ಲಿ? ತೆರಿಗೆ ತಗೊಳ್ತಾರಲ್ಲ, ಇಡೋದು ಅವರ ಕೆಲಸ. ತೊಟ್ಟಿ ಇದ್ದಿದ್ರೆ ನಾವ್ಯಾಕೆ ಹೂಳ್ತಿದ್ವಿ?"

"ನೀವು ಹೇಳೋದು ಸರಿ ಭಾವ. ತೊಟ್ಟಿ ಇಡ್ಬೇಕಿತ್ತು," ಎಂದ ಅವನು, ಅಗೆಯುತ್ತಲೇ. "ಆದ್ರೆ ತಟ್ಟೆ, ಡಬ್ಬಿ, ಚಾಪೆ ಎಲ್ಲ ಹೊತ್ತುಕೊಂಡೇ ಬರ್ತಿದ್ವಿ. ವಾಪಸ್ ಹೋಗುವಾಗ ಅದೊಂದೇ ಭಾರ ಆಗ್ತಿತ್ತು."

ಭಾವ ಒಂದು ಹೆಜ್ಜೆ ಹತ್ತಿರ ಬಂದರು. ಸಲಿಕೆಗೆ ಮೆತ್ತನೆಯದೇನೋ ತಗುಲಿತ್ತು.

ಒಂದರ ಕೆಳಗೊಂದು ಚೀಲಗಳಿದ್ದವು. ನೀಲಿ ಮುಗಿದು, ಅಂಗಡಿ ತೆರೆದ ಹೊಸತರಲ್ಲಿ ಮಾಡಿಸಿದ್ದ ಹಳದಿ ಚೀಲಗಳು ಬಂದವು. ಗಂಟುಗಳು ಅವನು ಹಾಕಿದಂತೆಯೇ ಬಿಗಿಯಾಗಿದ್ದವು. ಆಹಾರ ಮಾತ್ರ ಕಪ್ಪು ನೀರಾಗಿ, ಗಂಟಿನ ಸಂದಿಯಿಂದ ಜಿನುಗಿ ಮರಳನ್ನೇ ಮಸಿಯ ಬಣ್ಣಕ್ಕೆ ತಿರುಗಿಸಿತ್ತು. ಕೊಳೆತ ಮೊಟ್ಟೆಯ ನಾತಕ್ಕೆ ಕಣ್ಣು ಉರಿಯಿತು. ಅವನು ಬದಿಗೆ ತಿರುಗಿ ಎರಡು ಬಾರಿ ವಾಂತಿ ಮಾಡಿದ. ಬಾಯಿ ಒರೆಸಿಕೊಂಡು ಮತ್ತೆ ಬಗ್ಗಿದ.

ತಳದ ಚೀಲ ಎತ್ತುವಾಗಲೇ ಹರಿಯಿತು. ಪುಟ್ಟದೊಂದು ಡೈಪರು ಕೈಗೆ ಬಂತು. ಸೊಂಟದ ಪಟ್ಟಿಯ ಮೇಲೆ ಬಾತುಕೋಳಿಗಳ ಸಾಲು. ಅವನಿಗೆ ನೆನಪಿತ್ತು. ಮಗಳ ಮೊದಲ ಸಮುದ್ರ ಅದು. ಅಲೆಯ ಸದ್ದಿಗೆ ಹೆದರಿ ಅವನ ಅಂಗಿಯ ಗುಂಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದಳು. ಆ ಗುಬ್ಬಚ್ಚಿ ಈಗ ತನ್ನ ತಾಯಿಯ ಭುಜದೆತ್ತರ ಬೆಳೆದು, ಒಬ್ಬಳೇ ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾಳೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿವೆ. ಬಾತುಕೋಳಿಗಳ ಬಣ್ಣವೂ ಮಾಸಿರಲಿಲ್ಲ. ಉಪ್ಪು, ಬಿಸಿಲು, ಮರಳು ಯಾವುದೂ ಅದನ್ನು ಏನೂ ಮಾಡಿರಲಿಲ್ಲ.

ಭಾವ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಇನ್ನೊಂದು ಜೊತೆ ಗ್ಲೌಸ್ ಇದೆಯಾ?" ಎಂದರು.

"ಇದೊಂದೇ."

"ಬಲಗೈದು ನೀನಿಟ್ಕೋ. ಎಡಗೈದು ಈ ಕಡೆ ಕೊಡು."

ಗೋಣಿಗಳು ತುಂಬಿದ ಮೇಲೆ ವ್ಯಾನಿನ ಹಿಂಬದಿಗೆ ಹೇರಿದರು. ಊರಿನ ಕಸ ಸಂಗ್ರಹಿಸುವ ಕಟ್ಟೆಗೆ ತಲುಪುವವರೆಗೂ ಇಬ್ಬರೂ ತಲೆಯನ್ನು ಕಿಟಕಿಯ ಹೊರಗೇ ಹಾಕಿದ್ದರು. "ಕಲಿಯೋಕೆ ಬರೋ ಹುಡುಗೀರು ನಾಳೆ ಸ್ಟೇರಿಂಗ್ ಬಿಟ್ಟು ಮೂಗು ಹಿಡ್ಕೋತಾರೆ," ಎಂದು ಭಾವ ಗೊಣಗಿದರು. "ನಿನ್ನ ಫಿನಾಯಿಲ್ ಎಷ್ಟಿದೆಯೋ ಅಷ್ಟೂ ತಂದು ತೊಳೆದು ಕೊಡ್ಬೇಕು, ತಿಳ್ಕೋ."

ಮುಂದಿನ ರಜೆಯ ದಿನ ಎಲ್ಲರೂ ಹೊರಟರು. ಅಕ್ಕ ಸ್ಟೀಲಿನ ತಟ್ಟೆಗಳನ್ನು ಜೋಡಿಸುವಾಗ, "ಇದನ್ನೆಲ್ಲ ತೊಳೆಯೋರ್ಯಾರು?" ಎಂದು ಕೇಳಿದಳು. ಭಾವ ಅವನ ಕಡೆಗೆ ಕೈ ತೋರಿಸಿದರು. ಅವನು ಭಾವನ ಕಡೆಗೆ.

ತೀರ ಏನೂ ಬದಲಾಗಿರಲಿಲ್ಲ. ಬಾಟಲಿಗಳ ಸಾಲು ಹಾಗೇ ಇತ್ತು, ನೊಣ ಹಾಗೇ ಇತ್ತು. ಬಂಡೆಯ ಬುಡದಲ್ಲಿ ಮಾತ್ರ ಚಾಪೆಯಗಲದ ಜಾಗ ಬರಿದಾಗಿತ್ತು. ಮರಳು ಇನ್ನೂ ಬೂದು ಬಣ್ಣಕ್ಕಿತ್ತು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ಒರೆಸಿ ಕೊಟ್ಟ. ಅಮ್ಮ ಮೊದಲು ನೀರನ್ನು ನೋಡಿದರು. ಆಮೇಲೆ ತೀರವನ್ನು ಈ ತುದಿಯಿಂದ ಆ ತುದಿಯವರೆಗೆ, ಏನನ್ನೂ ಬಿಡದೆ ನೋಡಿದರು. ಮುಖ ಕಿವುಚಿದರು. ಮತ್ತೆ ನೀರಿನ ಕಡೆ ತಿರುಗಿದರು.

"ಸಕ್ಕರೆ ಅಲ್ಲ," ಎಂದರು. "ಅಲೆ ಮಾತ್ರ ಚೆನ್ನಾಗಿದೆ."

ಊಟವಾಯಿತು. ಮೊಟ್ಟೆಯ ಸಿಪ್ಪೆ, ಮೀನಿನ ಮುಳ್ಳು, ಕಿರಿಯವನ ಡೈಪರು ಎಲ್ಲ ಚೀಲ ಸೇರಿದವು. ಅವನ ಮಗಳು ಅಭ್ಯಾಸಬಲದಿಂದ ಬಂಡೆಯ ಬುಡದಲ್ಲಿ ಕೈಯಿಂದ ಮರಳು ತೋಡತೊಡಗಿದಳು. "ಅಪ್ಪಾ, ಇಷ್ಟು ಸಾಕಾ?"

ಅವನು ಬಗ್ಗಿ ಆ ಗುಂಡಿಯನ್ನು ಮುಚ್ಚಿದ. ಚೀಲವನ್ನು ಎತ್ತಿಕೊಂಡ.

ವ್ಯಾನಿನಲ್ಲಿ ಅದನ್ನು ಕಾಲಬಳಿ ಇಟ್ಟುಕೊಂಡಿದ್ದ. ಉಬ್ಬು ಬಂದಾಗ ಉರುಳುತ್ತಿದ್ದುದರಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಬಿಸಿಲಿಗೆ ಬೆಚ್ಚಗಾಗಿದ್ದ ಚೀಲ ಅವನ ಪ್ಯಾಂಟಿಗೆ ಒತ್ತಿಕೊಂಡಿತ್ತು. ಅಡಿಯಲ್ಲಿ ಎಲ್ಲೋ ತೂತಿತ್ತು, ಮಂಡಿಯ ಮೇಲೆ ಒದ್ದೆ ಹರಡುತ್ತಿತ್ತು. ಆದರೂ ಕೈ ಸಡಿಲಿಸಲಿಲ್ಲ.

ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಮ್ಮ ಮೂಗೆಳೆದರು.

"ಏನೋ ಇದು, ಹೀಗೆ ನಾರ್ತಿದೆ? ಯಾರ್ದು?"

"ನಮ್ದೇ ಅಮ್ಮ," ಎಂದ ಅವನು. "ಮನೆಗೆ ತಗೊಂಡು ಹೋಗ್ತಿದೀವಿ."