ಹೊಸ್ತಿಲಲ್ಲಿ ಚೆಲ್ಲಿದ ನೀರು

ಟಿಕ್ ಎಂದಿತು. ಅಷ್ಟೇ. ಬೆರಳಿನ ನೆಟಿಕೆ ಮುರಿದಷ್ಟು ಸಣ್ಣ ಸದ್ದು.

ಮಿಗ್ಲೆನಾ ಕತ್ತಲಲ್ಲಿ ಕಣ್ಣು ಬಿಟ್ಟಳು. ಹೊತ್ತು ಸರಿರಾತ್ರಿ ದಾಟಿತ್ತು. ಅಡುಗೆಮನೆಯ ಕಟ್ಟಿಗೆ ಒಲೆ ಆರುವಾಗ ಅದರ ತಗಡು ಹೀಗೆ ಸದ್ದು ಮಾಡುವುದುಂಟು. ಅವಳು ಮತ್ತೊಮ್ಮೆ ಕೇಳಿಸೀತೇ ಎಂದು ಉಸಿರು ಹಿಡಿದು ಕಾದಳು. ಕೇಳಿಸಲಿಲ್ಲ. ಒಲೆಯೇ ಇರಬೇಕು ಎಂದುಕೊಂಡಳು. ಆದರೆ ಅವಳು ಯಾವುದನ್ನೂ ಒಂದೇ ಸಲಕ್ಕೆ ನಂಬುವವಳಲ್ಲ. ಬೆಳಗಿನ ತನಕ ಆ ಸದ್ದು ಕಿವಿಯಲ್ಲೇ ಕುಳಿತಿತ್ತು.

ಬಾಗಿಲ ಬಳಿ ಕುರ್ಚಿಯ ಮೇಲೆ ಅವಳ ಚೀಲವಿತ್ತು. ಅಮ್ಮನ ಹಳೆಯ ಕಂದು ಚರ್ಮದ ಚೀಲ, ಹಿತ್ತಾಳೆ ಕೊಂಡಿಯದು. ಅದರೊಳಗೆ ಪಾಸ್‌ಪೋರ್ಟ್, ಪೊಲೀಸರು ಕೊಟ್ಟ ಸಚ್ಚಾರಿತ್ರ್ಯದ ಕಾಗದ, ವೈದ್ಯರ ಕಾಗದ, ದನಾಂಗ್ ಊರಿನ ಶಾಲೆಯ ಕರೆ, ಮತ್ತು ನೀಲಿ ರಟ್ಟಿನ ನಡುವೆ ಅವಳ ಪದವಿ ಪತ್ರ. ಬಲ್ಗೇರಿಯಾದ ಈ ಬೆರ್ಕೊವಿತ್ಸಾ ಊರಿನಲ್ಲಿ ಅವಳು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ಎರಡು ತರಗತಿಗಳನ್ನು ಒಂದು ಮಾಡಿದ್ದರು. ಹೆಚ್ಚುವರಿಯಾದ ಶಿಕ್ಷಕಿ ಇವಳೇ, ಕೆಲಸ ಹೋಯಿತು. ಆಮೇಲೆ ಹತ್ತಾರು ದೇಶಗಳ ಶಾಲೆಗಳಿಗೆ ಬರೆದಳು. ಹುಟ್ಟಾ ಇಂಗ್ಲಿಷ್ ಆಡುವವರೇ ಬೇಕು ಎಂದು ಬಹಳಷ್ಟು ಕಡೆ ಬಾಗಿಲು ಹಾಕಿಕೊಂಡರು. ವಿಯೆಟ್ನಾಮಿನ ಈ ಶಾಲೆಯವರು ಮಾತ್ರ ಪರದೆಯ ಮೇಲೆ ಅವಳು ಪಾಠ ಮಾಡುವುದನ್ನು ನೋಡಿ, ಬನ್ನಿ ಎಂದರು. ಕಾಗದಗಳೆಲ್ಲ ಈ ಶುಕ್ರವಾರದೊಳಗೆ ರಾಜಧಾನಿ ಸೋಫಿಯಾದಲ್ಲಿರುವ ತಮ್ಮ ರಾಯಭಾರ ಕಚೇರಿ ಸೇರಬೇಕು, ಇಲ್ಲದಿದ್ದರೆ ಜಾಗ ಮುಂದಿನವರಿಗೆ ಎಂದೂ ಹೇಳಿದ್ದರು. ಬೆಳಗಾದರೆ ಶುಕ್ರವಾರ.

ಬೆಳಿಗ್ಗೆ ಮೇಲಿನ ಮಹಡಿಯ ಗೀನಾ ಚಿಕ್ಕಮ್ಮ ತಾಮ್ರದ ಚೊಂಬು ಹಿಡಿದುಕೊಂಡೇ ಬಂದಳು. ಚೊಂಬಿನ ತುಂಬ ಹೊರಡುವವರ ಕಾಲ ಮುಂದೆ ಚೆಲ್ಲುವ ನೀರು, ನೀರಿನಲ್ಲಿ ಜೆರೇನಿಯಂ ಹೂಗಿಡದ ಒಂದು ಚಿಗುರು.

"ನಿಮ್ಮನೇಲಿ ಪ್ಲಾಸ್ಟಿಕ್ ಬಕೆಟ್ ಬಿಟ್ರೆ ಇನ್ನೇನಿದೆ ಅಂತ ನಾನೇ ತಂದೆ," ಎಂದಳು. "ವಿಯೆಟ್ನಾಮಿಗೆ ಹೋಗೋಳನ್ನ ಬಕೆಟ್ ನೀರಲ್ಲಿ ಕಳಿಸೋಕಾಗುತ್ತೇನೆ?"

"ಇವತ್ತು ಸೋಫಿಯಾಕ್ಕೆ ಅಷ್ಟೇ ಚಿಕ್ಕಮ್ಮ. ಸಂಜೆಗೆ ಬರ್ತೀನಿ."

"ಸೋಫಿಯಾದಲ್ಲಿ ಮುದ್ರೆ ಬಿತ್ತು ಅಂದ್ರೆ ವಿಯೆಟ್ನಾಂ ಆದ ಹಾಗೇ. ನಮ್ಮ ನೂಲಿನ ಗಿರಣೀಲಿ ಆಗ ಅಲ್ಲಿನ ಹುಡುಗೀರು ಇದ್ರಲ್ಲ, ಇಷ್ಟಿಷ್ಟೇ ಇದ್ರು, ಕೆಲಸದಲ್ಲಿ ಮಾತ್ರ ನಮ್ಮನ್ನೆಲ್ಲ ಮೀರಿಸೋರು. ಈಗ ನಮ್ಮ ಹುಡುಗಿ ಅವರ ಮಕ್ಕಳಿಗೆ ಪಾಠ ಹೇಳೋಕೆ ಹೋಗ್ತಾಳೆ ನೋಡು!"

ಮಿಗ್ಲೆನಾ ಮೇಜಿನ ಮೇಲೆ ಬ್ರೆಡ್ಡಿಗೆ ಮುಚ್ಚಿದ್ದ ಬಟ್ಟೆ ಸರಿಸಿ ಒಂದು ತುಂಡು ಕತ್ತರಿಸಿಕೊಂಡಳು, ಬಟ್ಟೆ ಕೊಡವಿ ಮತ್ತೆ ಮುಚ್ಚಿದಳು. ತಿಂದು ಎದ್ದವಳ ಕೈ ತಾನಾಗಿ ಚೀಲದ ಕೊಂಡಿಗೆ ಹೋಯಿತು.

"ಮತ್ತೆ ತೆಗೀತಾಳೆ!" ಗೀನಾ ಚಿಕ್ಕಮ್ಮ ನಕ್ಕಳು. "ನಿನ್ನೆ ಸಂಜೆಯಿಂದ ನೋಡ್ತಿದೀನಿ. ಕೊಂಡಿ ಸವೆದು ಹೋಗುತ್ತೆ ಕಣೇ. ನಿನ್ನ ಪದವಿಗೇನು ಕಾಲು ಬಂದಿದೆಯಾ, ಎದ್ದು ಹೋಗೋಕೆ?"

ಮಿಗ್ಲೆನಾ ನಾಚಿ ಕೈ ಹಿಂತೆಗೆದಳು. ಇಂಥ ಮಾತಿಗೆ ಮೊದಲು ನಗುವವಳು ಅಮ್ಮ. ಇಂದು ಅವಳು ತೊಟ್ಟಿಯ ಕಡೆ ಮುಖ ಮಾಡಿ ಒಂದೇ ಲೋಟವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಅಮ್ಮನ ಹೆಸರು ರೂಮ್ಯಾನಾ. ಹೊಲಿಗೆ ಅಂಗಡಿಯಲ್ಲಿ ಕೆಲಸ. ಮಗಳು ಹೋಗುವುದಕ್ಕೆ ಅವಳು ಬೇಡ ಎಂದವಳಲ್ಲ, ಹೂಂ ಎಂದವಳೂ ಅಲ್ಲ. ಮಿಗ್ಲೆನಾ ಎರಡನೇ ತರಗತಿಯಲ್ಲಿದ್ದಾಗ ಅಪ್ಪ ಸ್ಪೇನಿಗೆ ಸ್ಟ್ರಾಬೆರಿ ಕೊಯ್ಲಿಗೆಂದು ಹೊರಟಿದ್ದ. ಆಗಲೂ ಅಮ್ಮ ಇದೇ ಹೊಸ್ತಿಲಲ್ಲಿ ನೀರು ಚೆಲ್ಲಿದ್ದಳು. ಸೋಫಿಯಾದ ತನಕ ಜೊತೆಗೆ ಹೋಗಿ ಅವನನ್ನು ಬಸ್ಸು ಹತ್ತಿಸಿ ಬಂದಿದ್ದಳು. ಅಪ್ಪನ ದಾರಿ ನೀರಿನಂತೆಯೇ ಸರಾಗವಾಗಿ ಸಾಗಿತು. ಅವನು ಅಲ್ಲಿಯೇ ಇನ್ನೊಂದು ಮನೆ ಕಟ್ಟಿಕೊಂಡ. ಅಂದಿನಿಂದ ಅಮ್ಮ ಸೋಫಿಯಾದ ದಾರಿಯ ಪೆತ್ರೊಹಾನ್ ಘಟ್ಟ ದಾಟಿರಲಿಲ್ಲ. ತಿರುವುಗಳಲ್ಲಿ ತಲೆ ಸುತ್ತುತ್ತದೆ ಎನ್ನುತ್ತಿದ್ದಳು.

"ಹಿಡಿ, ರೂಮ್ಯಾನಾ. ತಾಯಿ ಕೈಯಿಂದಲೇ ಆಗಬೇಕು."

ಅಮ್ಮ ಚೊಂಬು ತೆಗೆದುಕೊಂಡಳು. ನೀರು ಅಂಚಿಗೆ ಬಂದು ತುಳುಕಿತು. ಒಂದು ಗಳಿಗೆ ಏನೋ ಹೇಳುವವಳಂತೆ ಬಾಯಿ ತೆರೆದಳು. ಆಮೇಲೆ ಬಗ್ಗಿ, ಹೊಸ್ತಿಲಿನಿಂದ ಮೆಟ್ಟಿಲಿನ ತನಕ, ನಿಧಾನವಾಗಿ ನೀರು ಹರಿಸಿದಳು.

"ನೀರಿನ ಹಾಗೆ ಸಲೀಸಾಗಿ ಆಗಲಿ, ಮಗಳೇ," ಎಂದಳು.

ಮಿಗ್ಲೆನಾ ಒದ್ದೆ ದಾಟಿ ಇಳಿದಳು. ತಿರುಗಿ ನೋಡಲಿಲ್ಲ. ಹಾಗೆ ನೋಡಬಾರದು, ಒಮ್ಮೆ ದಾಟಿದ ನೀರನ್ನು ಕೆಲಸ ಮುಗಿಯುವ ತನಕ ಮರಳಿ ದಾಟಬಾರದು ಎಂಬುದು ಅವರ ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತು.

ಬಸ್ಸಿನಲ್ಲಿ ಕುಳಿತ ಮೇಲೆ ಕೊಂಡಿ ತೆರೆದು ಇಣುಕಿದಳು. ನೀಲಿ ರಟ್ಟು ಅಲ್ಲೇ ಇತ್ತು. ಸಮಾಧಾನವಾಗಿ ಮುಚ್ಚಿದಳು. ಬಸ್ಸು ಮಂಜಿನೊಳಗೆ ತಿರುವುಗಳನ್ನು ಹತ್ತುತ್ತ ಹೋಗಿ, ಘಟ್ಟದ ನೆತ್ತಿಯಲ್ಲಿ ಒಮ್ಮೆಲೇ ಬೆಳಕಿಗೆ ಬಂತು. ಮಾರ್ಚ್ ತಿಂಗಳಾದರೂ ಬೀಚ್ ಮರಗಳ ಬುಡದಲ್ಲಿ ಹಿಮ ಕರಗಿರಲಿಲ್ಲ. ಕೆಳಗೆ ಅವರ ಊರು, ಹೊಲ, ಗಿರಣಿಯ ಚಿಮಣಿ ಒಂದೂ ಕಾಣದು. ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ ಮಂಜಿನ ಕಡಲು. ಎಂದೂ ಬಾಯಿ ಮುಚ್ಚದ ಡ್ರೈವರ್ ಕೂಡ ರೇಡಿಯೋ ಸದ್ದು ತಗ್ಗಿಸಿದ. ಮಿಗ್ಲೆನಾಳಿಗೆ ಯಾಕೋ ಭಯ ಮತ್ತು ಸಂತೋಷ ಎರಡೂ ಒಟ್ಟಿಗೆ ಆದವು. ಇಷ್ಟು ದೊಡ್ಡದನ್ನು ಬಿಟ್ಟು ಹೋಗುತ್ತಿದ್ದೇನೆಯೇ ಎನಿಸಿತು. ಮಾರ್ಚ್ ಹುಟ್ಟಿದಾಗ ಒಳಿತಾಗಲೆಂದು ಅಮ್ಮ ಮುಂಗೈಗೆ ಕಟ್ಟಿದ್ದ ಕೆಂಪು ಬಿಳಿ ದಾರವನ್ನು ತಿರುಗಿಸುತ್ತ ಕುಳಿತಳು.

ರಾಯಭಾರ ಕಚೇರಿಯ ಪುಟ್ಟ ಕೋಣೆಯಲ್ಲಿ ಕನ್ನಡಕ ಹಾಕಿದ ಅಧಿಕಾರಿಯೊಬ್ಬರಿದ್ದರು. ಹರೆಯದಲ್ಲಿ ಇಲ್ಲೇ ಓದಿದವರಂತೆ, ಬಲ್ಗೇರಿಯನ್ ಮಾತನ್ನು ಮೃದುವಾಗಿ, ಒಂದೊಂದೇ ಪದವನ್ನು ತಟ್ಟೆಯಲ್ಲಿಟ್ಟು ಕೊಡುವಂತೆ ಆಡುತ್ತಿದ್ದರು. ಪಾಸ್‌ಪೋರ್ಟ್ ನೋಡಿದರು. ಪೊಲೀಸ್ ಕಾಗದ ನೋಡಿದರು.

"ಪದವಿ ಪತ್ರ ಕೊಡಿ. ಮೂಲ ಪ್ರತಿ."

ಮಿಗ್ಲೆನಾ ನೀಲಿ ರಟ್ಟನ್ನು ಬಿಡಿಸಿದಳು. ಒಳಗೆ ಏನೂ ಇರಲಿಲ್ಲ. ಪತ್ರದ ನಾಲ್ಕು ಮೂಲೆ ಸಿಕ್ಕಿಸುವ ರೇಷ್ಮೆ ಪಟ್ಟಿಗಳು ಮಾತ್ರ ಖಾಲಿಯಾಗಿ ನಿಂತಿದ್ದವು.

ಆಗ ಆ ಸದ್ದು ಮತ್ತೆ ಕೇಳಿಸಿತು, ಅವಳ ತಲೆಯೊಳಗೆ. ಟಿಕ್. ಅದು ಒಲೆಯ ತಗಡಲ್ಲ. ಹಿತ್ತಾಳೆ ಕೊಂಡಿ. ಈ ಎರಡು ದಿನ ಅದೆಷ್ಟೋ ಸಲ ತಾನೇ ಮಾಡಿದ ಸದ್ದು ಅದು, ಗುರುತು ಹತ್ತಿರಲಿಲ್ಲ.

"ಕ್ಷಮಿಸಿ... ಮನೇಲಿ... ಮನೇಲೇ ಉಳಿದಿರಬೇಕು."

"ಮಧ್ಯಾಹ್ನಕ್ಕೆ ಬಾಗಿಲು ಹಾಕ್ತೇವೆ," ಎಂದರು ಅಧಿಕಾರಿ. ಬೇಸರದಿಂದಲೇ ಹೇಳಿದರು. "ಅಷ್ಟರೊಳಗೆ ತರಿಸೋಕೆ ಆಗುತ್ತಾ ನೋಡಿ."

ಅವಳು ಕಿಟಕಿಯ ಬಳಿ ನಿಂತು ಅಮ್ಮನಿಗೆ ಫೋನ್ ಮಾಡಿದಳು. ಏನು ಕೇಳುವುದು? ಯಾಕೆ ತೆಗೆದೆ ಎಂದೇ? ಸಿಟ್ಟು ಗಂಟಲಿನ ತನಕ ಬಂದು ನಿಂತಿತ್ತು. ಅತ್ತ ಫೋನ್ ಎತ್ತಿದಾಗ ಮೊದಲು ಕೇಳಿಸಿದ್ದು ಎಂಜಿನ್ನಿನ ಮೊರೆತ.

"ಮಗಳೇ! ಮಾಡ್ತಾನೇ ಇದೀನಿ, ಘಟ್ಟದಲ್ಲಿ ಫೋನ್ ಹತ್ತಲೇ ಇಲ್ಲ. ನೀನು ಹೊರಡಬೇಡ ಅಲ್ಲಿಂದ, ಕೇಳಿಸ್ತಾ? ವಾಪಸ್ ಬರಬೇಡ, ನೀರು ಚೆಲ್ಲಿದೆ. ನಾನೇ ಬರ್ತಿದೀನಿ. ಪತ್ರ ನನ್ ಹತ್ರ ಇದೆ."

"ನೀನು? ಎಲ್ಲಿದೀಯಮ್ಮ?"

"ಘಟ್ಟ ಇಳೀತಿದೆ ಬಸ್ಸು. ಅಯ್ಯೋ, ಈ ಡ್ರೈವರ್ ಬಸ್ಸು ಓಡಿಸ್ತಿದಾನೋ ಮೊಸರು ಕಡೀತಿದಾನೋ ಗೊತ್ತಿಲ್ಲ. ಇಡ್ತೀನಿ, ಮಾತಾಡಿದ್ರೆ ವಾಂತಿ ಬರುತ್ತೆ."

ಮಿಗ್ಲೆನಾ ಫೋನ್ ಕೈಯಲ್ಲಿ ಹಿಡಿದು ನಿಂತೇ ಇದ್ದಳು. ತಾನು ರಟ್ಟು ಬಿಡಿಸುವ ಮೊದಲೇ ಅಮ್ಮ ಬಸ್ಸು ಹತ್ತಿದ್ದಾಳೆ. ಯಾರೂ ಕರೆಯದೆ, ಯಾರೂ ಬೈಯದೆ. ಆ ಘಟ್ಟವನ್ನು, ಒಬ್ಬಳೇ.

ಕಾಯುವುದು ಅವಳಿಗೆ ಬರುವ ಕೆಲಸವಲ್ಲ. ಬೀದಿಯ ಪ್ರತಿ ಕೋಟನ್ನೂ ನೋಡಿದಳು. ಗೋಡೆಯ ಗಡಿಯಾರದ ಕಡೆಗೆ ಮಾತ್ರ ನೋಡಲಾರದಾದಳು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಕೆಲಸ ಮುಗಿಸಿ ಹೋದರು. ಅಧಿಕಾರಿ ಚಹಾ ಕುಡಿದರು, ಕಾಗದಗಳನ್ನು ಜೋಡಿಸಿದರು, ಬಾಗಿಲಿನ ಕೀಲಿಯನ್ನು ತೆಗೆದು ಮೇಜಿನ ಮೇಲಿಟ್ಟುಕೊಂಡರು.

ಆಗ ಬೀದಿಯ ತುದಿಯಲ್ಲಿ ಒಬ್ಬ ಹೆಂಗಸು ಕಂಡಳು. ಕೋಟಿನ ಗುಂಡಿಗಳು ಒಂದಕ್ಕೊಂದು ತಪ್ಪಿ ಸೊಟ್ಟಗೆ ಬಿದ್ದಿದ್ದವು. ಎರಡೂ ಕೈ ಮುಂದೆ ಚಾಚಿ, ಹೂ ಚಿತ್ರದ ದಿಂಬಿನ ಚೀಲ ಸುತ್ತಿದ ಏನನ್ನೋ ಅಡ್ಡಲಾಗಿ ಹಿಡಿದಿದ್ದಳು, ತುಂಬಿದ ಪಾತ್ರೆ ತುಳುಕಬಾರದು ಎನ್ನುವವಳಂತೆ. ಕರಗಿದ ಹಿಮದ ಕೆಸರಿನಲ್ಲಿ ಪಚಪಚ ಕಾಲಿಡುತ್ತ, ಯಾರ ಕಡೆಗೂ ನೋಡದೆ, ನೇರವಾಗಿ ಬರುತ್ತಿದ್ದಳು. ಎದುರಿನಿಂದ ಬಂದವರು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದರು. ಯಾರಪ್ಪ ಇವಳು ಎಂದು ಮಿಗ್ಲೆನಾ ಬೆರಗಾಗಿ ನೋಡಿದಳು. ಒಂದು ಗಳಿಗೆ, ನಿಜವಾಗಿಯೂ, ಗುರುತು ಸಿಗಲಿಲ್ಲ. ಮನೆಯ ಅಂಗೈಯಗಲದ ಅಡುಗೆಮನೆಯಲ್ಲಿ ದಿನವೂ ಮೈಗೆ ಮೈ ತಗುಲಿಸಿಕೊಂಡು ಓಡಾಡುವ ಅಮ್ಮ ಇಷ್ಟು ಎತ್ತರವಿರಲಿಲ್ಲ.

ಅವಳು ಓಡಿ ಹೋಗಿ ಬಾಗಿಲು ತೆಗೆದಳು. ಅಮ್ಮನ ಮುಖ ಸುಣ್ಣದಂತೆ ಬಿಳಿಚಿತ್ತು. ಕಾಲಲ್ಲಿ ಮನೆಯೊಳಗೆ ಹಾಕುವ ಉಣ್ಣೆ ಚಪ್ಪಲಿ; ನೆನೆದು, ಕಪ್ಪಾಗಿ, ಊದಿಕೊಂಡಿದ್ದವು.

"ಅಮ್ಮ, ಚಪ್ಪಲಿ..."

"ನೀನು ಇಳಿದಿದ್ದೇ ತಡ, ನಾನೂ ಹಿಂದೇನೇ ಓಡಿದೆ. ಕೆಳಗೆ ಬಂದ ಮೇಲೆ ಕಾಲು ನೋಡ್ಕೊಂಡೆ. ಬಸ್ಸು ಹೊರಟೇ ಹೋಗಿತ್ತು. ಮುಂದಿನ ಬಸ್ಸಿನ ತನಕ ನಿಲ್ದಾಣದಲ್ಲೇ ನಿಂತಿದ್ದೆ."

"ಅಷ್ಟು ಹೊತ್ತಿತ್ತಲ್ಲ. ಮನೆಗೆ ಹೋಗಿ ಬೂಟು ಹಾಕ್ಕೊಂಡು ಬರಬಾರದಿತ್ತಾ?"

"ನಿನ್ನ ನೀರು ದಾಟಿ ಬಂದವಳು ಬೂಟಿಗೋಸ್ಕರ ವಾಪಸ್ ದಾಟ್ತೀನೇನೇ?" ಅಮ್ಮ ಗದರಿದಳು. "ಓದಿದವಳು, ಇಷ್ಟು ಗೊತ್ತಾಗಲ್ವಾ! ತಗೋ, ಹಿಡಿ."

ದಿಂಬಿನ ಚೀಲ ಬಿಚ್ಚಿದರೆ ಒಳಗೆ ಪದವಿ ಪತ್ರ, ಒಂದು ಸುಕ್ಕೂ ಇಲ್ಲದೆ.

"ನೀನು ಮೇಜಿನ ಮೇಲೇ ಬಿಟ್ಟಿದ್ದೆ," ಎಂದಳು ಅಮ್ಮ, ಮಗಳ ಕಡೆ ನೋಡದೆ. "ಬ್ರೆಡ್ಡಿನ ಬಟ್ಟೆ ಕೆಳಗಿತ್ತು. ರಾತ್ರಿ ತೆಗೆದು ನೋಡಿ, ಮತ್ತೆ ಇಡೋದು ಮರೆತಿರ್ತೀಯ."

ಮಿಗ್ಲೆನಾ ಬೆಳಿಗ್ಗೆ ಆ ಬಟ್ಟೆಯನ್ನು ತಾನೇ ಕೊಡವಿದ್ದಳು. ಕೆಳಗೆ ಬ್ರೆಡ್ಡಿನ ಚೂರುಗಳ ಹೊರತು ಏನೂ ಇರಲಿಲ್ಲ. ಅವಳು ಅಮ್ಮನ ಕೈಗಳನ್ನು ನೋಡಿದಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಕತ್ತಲಲ್ಲಿ, ಮೂಲೆಗಳು ಹರಿಯದಂತೆ, ರೇಷ್ಮೆ ಪಟ್ಟಿಗಳಿಂದ ಈ ಹಾಳೆಯನ್ನು ಬಿಡಿಸಿಕೊಂಡದ್ದು ಇವೇ. ತುಳುಕಿಸುತ್ತ ಚೊಂಬು ಹಿಡಿದದ್ದು ಇವೇ. ಘಟ್ಟದ ತಿರುವುಗಳುದ್ದಕ್ಕೂ ಇದನ್ನು ಮಡಿಚದೆ, ಬಾಗಿಸದೆ ತಂದದ್ದೂ ಇವೇ. ಗಂಟಲಲ್ಲಿ ನಿಂತಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ, ಘಟ್ಟದ ನೆತ್ತಿಯಲ್ಲಿ ಮಂಜಿನ ಕಡಲು ನೋಡಿದಾಗ ಆದದ್ದೇ ಆಯಿತು.

"ಹೌದಮ್ಮ," ಎಂದಳು. "ರಾತ್ರಿ ತೆಗೆದು ನೋಡಿದ್ದೆ. ನಾನೇ ಮರೆತೆ."

ಅಮ್ಮ ಚಕ್ಕನೆ ತಲೆ ಎತ್ತಿದಳು. ಅವಳ ತುಟಿ ಅದುರಿತು.

ಅಧಿಕಾರಿ ಒದ್ದೆ ಚಪ್ಪಲಿಗಳನ್ನು ನೋಡಿದರು. ಎದ್ದು, ತಮ್ಮ ಕುರ್ಚಿಯನ್ನೇ ತಂದು ಹೀಟರಿನ ಪಕ್ಕ ಹಾಕಿ, "ಕೂತ್ಕೊಳ್ಳಿ ಅಮ್ಮ, ಕಾಲು ಕಾಯಿಸ್ಕೊಳ್ಳಿ," ಎಂದರು. ತಾವು ನಿಂತೇ ಪತ್ರವನ್ನು ಓದಿದರು. ಕೆಂಪು ಮುದ್ರೆಯನ್ನು ಒತ್ತುವ ಮೊದಲು ಅದರ ಮೇಲೊಮ್ಮೆ ಉಸಿರೂದಿದರು. ಧಪ್ ಎಂದಿತು. ಅಮ್ಮ ಕುಳಿತಲ್ಲೇ ಬೆಚ್ಚಿ, ಆ ಮುದ್ರೆಯನ್ನೇ ನೋಡುತ್ತ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು.

"ಮುಂದಿನ ವಾರ ಬಂದು ಪಾಸ್‌ಪೋರ್ಟ್ ತಗೊಳ್ಳಿ. ವೀಸಾ ಅದರಲ್ಲೇ ಇರುತ್ತೆ. ನಮ್ಮ ಮಕ್ಕಳು ತುಂಬಾ ತುಂಟರು, ಟೀಚರ್. ಈಗಲೇ ಹೇಳಿರ್ತೇನೆ."

ಹೊರಗೆ ಬಿಸಿಲು ಬಂದಿತ್ತು. ಹತ್ತಿರದ ಅಂಗಡಿಯಲ್ಲಿ ಅಮ್ಮನಿಗೆ ಒಂದು ಜೊತೆ ಬೂಟು ಕೊಂಡರು. ಅಮ್ಮ ಹೊಲಿಗೆಯನ್ನು ತಿರುವಿ ನೋಡಿ, "ಇದನ್ನ ಹೊಲಿದವನು ನಿದ್ದೆಗಣ್ಣಲ್ಲಿದ್ದ," ಎಂದು ತೀರ್ಪು ಕೊಟ್ಟಳು. ಬೆಂಚಿನ ಮೇಲೆ ಕುಳಿತು ಬಿಸಿ ಬಾನಿತ್ಸಾ ತಿಂದರು. ಚೀಸ್ ತುಂಬಿದ ಪದರಗಳು ಮಡಿಲ ತುಂಬ ಉದುರಿದವು.

"ಅಲ್ಲಿ ಬ್ರೆಡ್ ಸಿಗುತ್ತಾ?" ಅಮ್ಮ ಕೇಳಿದಳು.

"ಸಿಗುತ್ತಂತೆ."

"ಮೊಸರು?"

"ನಮ್ಮ ಥರದ್ದು ಸಿಗಲ್ಲ."

"ಮತ್ತೆ ಹೇಗೇ ಬದುಕ್ತೀಯ!" ಎಂದಳು ಅಮ್ಮ, ಮತ್ತು ಬೆಳಗಿನಿಂದ ಮೊದಲ ಸಲ ನಕ್ಕಳು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡಳು.

ಮಿಗ್ಲೆನಾಳ ಫೋನ್ ರಿಂಗಾಯಿತು. ಗೀನಾ ಚಿಕ್ಕಮ್ಮ.

"ಏನೇ ಆಯ್ತು? ನಿಮ್ಮಮ್ಮ ಹುಚ್ಚಿ ಥರ ಚಪ್ಪಲೀಲೇ ಓಡಿದ್ಲು, ಬಾಗಿಲೂ ಹಾಕಿಲ್ಲ! ನಾನೇ ಕಾವಲು ಕೂತಿದೀನಿ ಇಲ್ಲಿ. ಏನು ಕಥೆ, ಹೇಳೇ!"

ಅಮ್ಮ ಬಾನಿತ್ಸಾದ ಕಾಗದವನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಿಚುತ್ತಿದ್ದಳು. ಕಿವಿಯೆಲ್ಲ ಇತ್ತಲೇ.

"ನಾನೇ ಪತ್ರ ಮರೆತು ಬಂದಿದ್ದೆ ಚಿಕ್ಕಮ್ಮ. ಅಮ್ಮ ತಂದುಕೊಟ್ಟಳು. ಮುದ್ರೆ ಬಿತ್ತು."

"ಮರೆತೆಯಾ? ನೀನಾ? ಕೊಂಡಿ ಸವೆಸಿದವಳು!" ಗೀನಾ ಚಿಕ್ಕಮ್ಮನ ನಗು ಫೋನಿನಿಂದ ಹೊರಗೆ ಚೆಲ್ಲಿತು. "ಇದನ್ನ ಇಡೀ ಓಣಿಗೆ ಹೇಳ್ತೀನಿ ಇರು."

"ಹೇಳು," ಎಂದಳು ಮಿಗ್ಲೆನಾ.

ಓಣಿ ನಗಲಿ. ಇನ್ನು ಬದುಕಿರುವ ತನಕ ಚೀಲ ತೆಗೆದಾಗಲೆಲ್ಲ ಯಾರಾದರೂ ಈ ಮಾತು ಎತ್ತುತ್ತಾರೆ, ಎತ್ತಲಿ. ಆ ಟಿಕ್ ಸದ್ದಿನ ಸುದ್ದಿಯನ್ನು ಚಿಕ್ಕಮ್ಮನಿಗೆ ಹೇಳಕೂಡದು, ದೂರದ ಊರಿನಲ್ಲಿ ಸಿಗುವ ಗೆಳತಿಯರಿಗೂ ಹೇಳಕೂಡದು, ಮುಂದೆಂದಾದರೂ ಅಮ್ಮನೇ ತಾನಾಗಿ ಬಾಯಿ ತೆರೆದರೂ ತನಗೇನೂ ಕೇಳಿಸಿರಲಿಲ್ಲ ಎನ್ನಬೇಕು ಎಂದು ಅವಳು ನಿಶ್ಚಯಿಸಿಕೊಂಡಳು. ಫೋನನ್ನು ಚೀಲಕ್ಕೆ ಹಾಕಿ, ಸದ್ದಾಗದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೊಂಡಿ ಮುಚ್ಚಿದಳು.